ಮೂರು ಬೆರಳಿನ ತುಕ್ಕು

ಆ ಕಾಗದ ಗೋಡೆ ಹತ್ತಿದ್ದು ಒಂದು ಗುರುವಾರ ಬೆಳಗ್ಗೆ. ‘ಧೂಮಪಾನ ಮಾಡಬಾರದು’ ಅನ್ನೋ ಬೋರ್ಡಿಗೂ ‘ಬರಿಗಾಲಲ್ಲಿ ಒಳಗೆ ಬರಬಾರದು’ ಅನ್ನೋ ಬೋರ್ಡಿಗೂ ನಡುವೆ ಒಂದು ಮೊಳ ಜಾಗ ಖಾಲಿ ಇತ್ತು. ಅಲ್ಲಿಗೆ ಬಿಳಿ ಹಾಳೆಯೊಂದು ಬಂತು. ಕಂಪ್ಯೂಟರಿನಲ್ಲಿ ಹೊಡೆದ ದಪ್ಪ ಅಕ್ಷರ. ಹಾಳೆಯ ಬೆನ್ನಿಗೆಲ್ಲ ಫೆವಿಕಾಲ್ ಬಳಿದು, ಅಂಗೈಯಲ್ಲಿ ಒತ್ತಿ ಒತ್ತಿ ಅಂಟಿಸಿದ್ದು.

‘ಗಂಗರಾಜು ಮಾಲು ಮುಟ್ಟಬಾರದು. ಇಂತಿ, ಆಡಳಿತ.’

ಯಾಕೆ ಅಂತಿಲ್ಲ. ಎಷ್ಟು ದಿನ ಅಂತಿಲ್ಲ. ಬೀಡಿಗೂ ಬರಿಗಾಲಿಗೂ ನಡುವೆ ಒಬ್ಬ ಮನುಷ್ಯನ ಹೆಸರು, ಅಷ್ಟೇ.

ಗಂಗರಾಜು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಆ ನಾಲ್ಕು ಮಾತು ಓದೋಕೆ ಎಸ್ಸೆಸ್ಸೆಲ್ಸಿ ಬೇಕಾಗಿರಲಿಲ್ಲ. ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ‘ಮುಟ್ಟಬಾರದು’ ಅನ್ನೋ ಪದದ ಹತ್ತಿರ ಕಣ್ಣು ನಿಂತುಬಿಟ್ಟಿತು. ಅವನೂರು ಕೊತ್ತಗೆರೆಯಲ್ಲಿ ಅವನ ಅಜ್ಜ ಕದರಯ್ಯನಿಗೆ ಈ ಪದ ಹೊಸದಲ್ಲ. ಬಾವಿ ಕಟ್ಟೆಯಲ್ಲಿ, ಹೋಟೆಲ್ ಬೆಂಚಲ್ಲಿ, ಗುಡಿ ಮೆಟ್ಟಿಲಲ್ಲಿ ಕೇಳಿಕೊಂಡೇ ಮುದುಕನಾದವನು ಅವನು. ಆಗ ಬಾಯಲ್ಲಿ ಹೇಳುತ್ತಿದ್ದರು. ಈಗ ಪ್ರಿಂಟ್ ತೆಗೆದು ಅಂಟಿಸುತ್ತಾರೆ. ಕಾಲ ಮುಂದುವರಿದಿದೆ ಅಂದರೆ ಇಷ್ಟೇ ಮುಂದುವರಿದಿರೋದು ಅಂದುಕೊಂಡ ಗಂಗರಾಜು.

ತುಮಕೂರಿನ ಹೊರಗೆ ಹೈವೇ ಪಕ್ಕದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇರುವ ಶೆಡ್ಡು ಅದು. ಹನ್ನೊಂದು ಜನ ಕೆಲಸಗಾರರು, ಅವರ ಮೇಲೊಬ್ಬ ಮ್ಯಾನೇಜರು. ಲೇತಿನಲ್ಲಿ ತಿರುವಿ ಬಂದ ಕಬ್ಬಿಣದ ಸಾಮಾನಿಗೆ ತುಕ್ಕು ಹಿಡಿಯದ ಹಾಗೆ ಮಾಡಿಕೊಡೋದು ಅಲ್ಲಿನ ಕೆಲಸ. ಅದಕ್ಕೊಂದು ಸಾಲು ಟ್ಯಾಂಕು. ಮೊದಲನೆಯದು ಕುದಿಯೋ ಸೋಡಾ ನೀರು, ಜಿಡ್ಡು ತೆಗೆಯೋಕೆ. ಆಮೇಲೆ ಆಸಿಡ್ಡು, ಹಳೇ ತುಕ್ಕು ತಿನ್ನೋಕೆ. ಎರಡು ಸಲ ನೀರು. ಆಮೇಲೆ ಹಬೆಯಾಡೋ ದೊಡ್ಡ ಟ್ಯಾಂಕು, ಅದು ಫಾಸ್ಫೇಟು. ಬೆಳ್ಳಗೆ ಥಳಥಳ ಅಂತ ಇಳಿದ ಕಬ್ಬಿಣ ಅದರೊಳಗಿಂದ ಮಂಕು ಕಪ್ಪಗೆ ಎದ್ದು ಬರುತ್ತೆ. ಮುಟ್ಟಿದರೆ ಬೆಕ್ಕಿನ ನಾಲಿಗೆ ಥರ ಒರಟು. ಆ ಬಣ್ಣ ತುಕ್ಕು ತಡೆಯುತ್ತೆ ಅಂತ ಹೊರಗಿನವರು ತಿಳಿದಿರುತ್ತಾರೆ. ತಡೆಯಲ್ಲ. ಒರಟು ಮೈ ಎಣ್ಣೆ ಕುಡಿಯುತ್ತೆ, ಕುಡಿದ ಎಣ್ಣೆ ತುಕ್ಕು ತಡೆಯುತ್ತೆ. ಅದಕ್ಕೇ ಕೊನೇ ಬಿಸಿನೀರಿಂದ ಎದ್ದು ಒಣಗಿದ ಮಾಲು ಹತ್ತು ನಿಮಿಷದೊಳಗೆ ಎಣ್ಣೆ ಟ್ಯಾಂಕು ಕಾಣಬೇಕು. ಆ ಹತ್ತು ನಿಮಿಷದಲ್ಲಿ ಅದರ ಮೈ ಬಾಯಿ ತೆರೆದುಕೊಂಡಿರುತ್ತೆ. ಮೊದಲು ಏನು ಸಿಕ್ಕಿದರೆ ಅದನ್ನೇ ಕುಡಿದುಬಿಡುತ್ತೆ.

ಇದನ್ನು ಗಂಗರಾಜುಗೆ ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ. ಐದು ವರ್ಷ ಆ ಹಬೆಯಲ್ಲಿ ನಿಂತು ಕಲಿತಿದ್ದು. ಟ್ಯಾಂಕಿನ ಹಬೆ ಮೂಗಿಗೆ ಬಡಿದರೆ ಸಾಕು, ಕೆಮಿಕಲ್ ಕಮ್ಮಿ ಆಗಿದೆಯೋ ಕಾವು ಕಮ್ಮಿ ಆಗಿದೆಯೋ ಹೇಳುತ್ತಿದ್ದ.

ಗಲಾಟೆ ಶುರುವಾಗಿದ್ದು ಮಂಗಳವಾರ. ಗುಬ್ಬಿ ಹತ್ತಿರ ಟ್ರ್ಯಾಕ್ಟರಿನ ನೇಗಿಲು, ಟ್ರೇಲರು ತಯಾರು ಮಾಡೋ ಕಂಪನಿಯೊಂದಿದೆ. ಅವನ್ನು ಟ್ರ್ಯಾಕ್ಟರಿಗೆ ಸಿಗಿಸೋ ಪಿನ್ನು ಈ ಶೆಡ್ಡಿನಿಂದಲೇ ಹೋಗೋದು. ಹೆಬ್ಬೆರಳು ದಪ್ಪ, ಗೇಣುದ್ದದ ಪಿನ್ನು. ಪ್ರತಿ ಸೋಮವಾರ ಬೆಳಗ್ಗೆ ಪೂಜೆ ಮಾಡಿ ಗುಬ್ಬಿ ಲಾಟು ಶುರು ಮಾಡಿದರೆ ಸಂಜೆಗೆ ಮೊದಲನೇ ಗಾಡಿ ಹೊರಡುತ್ತೆ. ಮೂರು ವಾರದ ಲಾಟಿನಲ್ಲಿ ಮೂವತ್ತಾರು ಪಿನ್ನು ವಾಪಸ್ ಬಂದವು. ಪ್ರತಿ ಪಿನ್ನಿನ ಮೇಲೂ ಅಂಗುಲ ಅಂಗುಲ ಬಿಟ್ಟು ಮೂರು ಕಂದು ಮಚ್ಚೆ. ಜೊತೆಗೊಂದು ಚೀಟಿ: ಬೆರಳಿನ ಗುರುತು, ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ, ಕ್ರಮ ತೆಗೆದುಕೊಳ್ಳಿ.

ಮ್ಯಾನೇಜರ್ ಗುರುಪ್ರಕಾಶ್ ಕ್ಯಾತ್ಸಂದ್ರದಿಂದ ದಿನಾ ಸ್ಕೂಟರಲ್ಲಿ ಬರೋರು. ಐವತ್ತರ ಹತ್ತಿರ ವಯಸ್ಸು. ಹಣೆ ಮೇಲೆ ಮೂರೆಳೆ ವಿಭೂತಿ ಗೆರೆ ಹೊಡೆದ ಹಾಗೆ ನೇರ, ನಡುವೆ ಕುಂಕುಮ. ಕೆಟ್ಟವರು ಅಂತ ಯಾರೂ ಹೇಳುತ್ತಿರಲಿಲ್ಲ. ಎದುರು ಸಿಕ್ಕವರನ್ನೆಲ್ಲ ಊಟ ಆಯ್ತಾ ಅಂತ ಕೇಳೋರು. ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

“ನೋಡ್ರಪ್ಪ, ಕೆಲವರ ಕೈ ಬೆವರು ಕಬ್ಬಿಣಕ್ಕೆ ಆಗಿಬರಲ್ಲ. ಅಂಥೋರು ಮುಟ್ಟಿದ್ದು ತುಕ್ಕು ಹಿಡಿಯುತ್ತೆ. ಸುಮ್ಮನೆ ಯಾರ ಮೇಲೂ ಹೊರಿಸೋನಲ್ಲ ನಾನು. ಪರೀಕ್ಷೆ ಮಾಡಿ ನೋಡೇಬಿಡಣ.”

ಪಾಲಿಶ್ ಹೊಡೆದ ಕಬ್ಬಿಣದ ಬಿಲ್ಲೆ ಒಬ್ಬೊಬ್ಬರ ಕೈಗೆ ಒಂದೊಂದು ಬಂತು. ಐದು ನಿಮಿಷ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದು, ಹೆಸರು ಬರೆದ ಚೀಟಿ ಸುತ್ತಿ, ಒದ್ದೆ ಬಟ್ಟೆಯೊಳಗಿಟ್ಟು ಆಫೀಸಿನ ಬೀರುಗೆ ಸೇರಿಸಿದರು. ಹನ್ನೊಂದು ಬಿಲ್ಲೆ. ಶೆಡ್ಡಿನಲ್ಲಿದ್ದವರು ಹನ್ನೆರಡು ಜನ. ಅದು ಗಂಗರಾಜುವಿನ ಕಣ್ಣಿಗೆ ಬಿತ್ತು, ಆದರೆ ಆವತ್ತು ಬಾಯಿಗೆ ಬರಲಿಲ್ಲ.

ಬುಧವಾರ ಬಟ್ಟೆ ಬಿಚ್ಚಿದರು. ಹತ್ತು ಬಿಲ್ಲೆ ಹಾಗೇ ಹೊಳೆಯುತ್ತಿದ್ದವು. ಹನ್ನೊಂದನೆಯದರ ಮೇಲೆ ನಾಲ್ಕು ಬೆರಳೂ ಅಂಗೈ ಗೆರೆ ಸಮೇತ ಕಂದಗೆ ಮೂಡಿತ್ತು. ಚೀಟಿಯಲ್ಲಿ ಗಂಗರಾಜು.

“ಇದು ನಾನು ಹೇಳ್ತಿರೋದಲ್ಲ, ಕಬ್ಬಿಣ ಹೇಳ್ತಿರೋದು,” ಅಂದರು ಗುರುಪ್ರಕಾಶ್.

“ಸಾರ್, ನಾನು ಪಿನ್ನು ಮುಟ್ಟೋದು ಟ್ರೇಗೆ ಜೋಡಿಸುವಾಗ, ತೊಳೆಯೋಕೆ ಮುಂಚೆ. ಆಮೇಲೆ ಸೋಡಾ, ಆಸಿಡ್ಡು, ಎರಡು ನೀರು, ಫಾಸ್ಫೇಟು. ಅಷ್ಟನ್ನೂ ದಾಟ್ಕೊಂಡು ನನ್ನ ಬೆವರು ಹೆಂಗ್ ಬತ್ತದೆ?”

“ಬಂದಿದೆಯಲ್ಲಪ್ಪ, ಕಣ್ಣೆದುರಿಗೆ.”

“ಗ್ಲೌಸ್ ಹರಿದು ಆರು ತಿಂಗಳಾಯ್ತು. ಮೂರ್ ಸಲ ಕೇಳಿದೀನಿ.”

“ಮಾತಿಗೆ ಮಾತು ಬೆಳೆಸಬೇಡ. ನಿನ್ನ ಮೇಲೆ ನನಗೇನು ದ್ವೇಷವಾ? ಕೈಗುಣ ಅದು. ನೀನೇನು ಮಾಡ್ತೀಯ, ಪಾಪ.”

ಆ ‘ಪಾಪ’ ಇತ್ತಲ್ಲ, ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಪಾಪ ಅಂದವರಿಗೆ ಏನು ಹೇಳೋದು? ಮಾರನೇ ದಿನವೇ ಕಾಗದ ಗೋಡೆಗೆ ಬಂತು. ಗಂಗರಾಜು ಹಿತ್ತಲಿಗೆ ಹೋದ.

ಹಿತ್ತಲು ಅಂದರೆ ಶೆಡ್ಡಿನ ಹಿಂದೆ ಆಸಿಡ್ ಡ್ರಮ್ಮು, ಮುರಿದ ಟ್ರೇ, ವಾಪಸ್ ಬಂದ ಮಾಲು ಬಿದ್ದಿರೋ ಜಾಗ. ಅಲ್ಲಿ ಡ್ರಮ್ಮು ಉರುಳಿಸೋದು, ಗುಡಿಸೋದು ಅವನ ಪಾಲಿಗೆ ಬಂತು. ಆಸಿಡ್ ಡ್ರಮ್ಮನ್ನು ಮುಟ್ಟಬಹುದು, ಪಿನ್ನನ್ನು ಮುಟ್ಟಬಾರದು.

ಮಧ್ಯಾಹ್ನ ಊಟಕ್ಕೆ ಕೂತಾಗ ಪ್ಯಾಕಿಂಗ್ ನೋಡಿಕೊಳ್ಳೋ ಪ್ರಮೀಳಾ ಎಂದಿನ ಹಾಗೆ ಚಟ್ನಿಪುಡಿ ಡಬ್ಬ ಸುತ್ತ ಕಳಿಸಿದಳು. ಗುಬ್ಬಿ ಕಡೆಯವಳು, ಬಾಯಿ ಜೋರು, ಮನಸ್ಸಲ್ಲಿ ಏನೂ ಇಟ್ಟುಕೊಳ್ಳದವಳು. ಡಬ್ಬ ಗಂಗರಾಜುವಿನ ಹತ್ತಿರ ಬಂದಾಗ, “ಏಯ್, ನೀನು ಮುಟ್ಟಬ್ಯಾಡ ಕಣೋ, ಸ್ಟೀಲ್ ಡಬ್ಬ. ನನ್ನ ಮದುವೇಲಿ ಕೊಟ್ಟಿದ್ದು, ತುಕ್ಕು ಹಿಡಿದೀತು,” ಅಂದಳು.

ಎಲ್ಲರೂ ನಕ್ಕರು. ಎಣ್ಣೆ ಟ್ಯಾಂಕಿನ ಶಾಬಾಜ್ ಕೂಡ ನಕ್ಕ. ಅವನು ಗಂಗರಾಜುವಿನ ರೂಮ್‌ಮೇಟು, ಮರಳೂರಿನಲ್ಲಿ ಇಬ್ಬರಿಗೂ ಒಂದೇ ರೂಮು, ಒಂದೇ ಗ್ಯಾಸ್ ಒಲೆ. ಗಂಗರಾಜು ನಗಲಿಲ್ಲ. ಮುದ್ದೆ ಮುರಿದು ಬರೀ ಸಾರಿಗೆ ಅದ್ದಿಕೊಂಡು ನುಂಗಿದ.

“ತಮಾಷೆಗಂದಿದ್ದು ಕಣ್ಲಾ,” ಅಂದ ಶಾಬಾಜ್ ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ.

“ಗೊತ್ತು. ಗೋಡೆ ಮೇಲಿರೋದೂ ತಮಾಷೆನಾ?”

ಶಾಬಾಜ್ ಸೈಕಲ್ಲಿನ ಬೀಗ ತೆಗೆಯೋದರಲ್ಲಿ ಮುಳುಗಿಹೋದ.

ಭಾನುವಾರ ಗಂಗರಾಜು ಕುಣಿಗಲ್ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಕೊತ್ತಗೆರೆಗೆ ಹೋದ. ರಾಗಿ ಕುಯ್ಲು ಮುಗಿದು ಊರೆಲ್ಲ ಹುಲ್ಲಿನ ವಾಸನೆ. ಅವನವ್ವ ಕೊಲ್ಲಾಪುರಮ್ಮ ಅಂಗಳದಲ್ಲಿ ಕೂತಿದ್ದಳು. ಮಗನನ್ನು ಕಂಡಿದ್ದೇ ಸೆರಗಿನ ಗಂಟು ಬಿಚ್ಚಿ ನಾಲ್ಕು ಸೋರೆ ಬೀಜ ಚಾಚಿದಳು.

“ಸರ್ಯಾದ್ ಹೊತ್ತಿಗೆ ಬಂದೆ. ನೀನೇ ಹಾಕಪ್ಪ ಪಾತಿಗೆ. ಹೋದ ಸಲ ನಿನ್ನ ಕೈಯಲ್ಲಿ ಹಾಕ್ಸಿದ್ದು ಚಪ್ಪರ ಮುರ್ಕೊಂಡು ಬೀಳಂಗೆ ಕಾಯ್ತು. ಬೀದಿಗೆಲ್ಲ ಹಂಚಿದೆ.”

“ನನ್ನ ಕೈ ಬ್ಯಾಡ ಬುಡವ್ವ.”

“ಯಾಕ್ಲಾ? ಕೈಗೇನಾಯ್ತು?”

ಅವನು ಕೈ ಜೇಬಿಗೆ ಹಾಕಿಕೊಂಡ. ಅದು ಸಾಕಾಯಿತು ಅವಳಿಗೆ. ಹತ್ತು ನಿಮಿಷದಲ್ಲಿ ಪಿನ್ನು, ಬಿಲ್ಲೆ, ಕಾಗದ ಎಲ್ಲ ಬಾಯಿ ಬಿಡಿಸಿದಳು. ಆಮೇಲೆ ಅವನ ಅಂಗೈ ಹಿಡಿದೆಳೆದು ಬೀಜ ಇಟ್ಟು ಬೆರಳು ಮಡಚಿದಳು.

“ಹಾಕು. ನನ್ನ ಪಾತಿಗೆ ಯಾವ್ ಮ್ಯಾನೇಜ್ರೂ ಇಲ್ಲ.”

ಬೀಜ ಊರಿ ಬಂದು ಅವನು ಜಗುಲಿ ಮೇಲೆ ಕೂತ. ಕೊಲ್ಲಾಪುರಮ್ಮ ಕುಯ್ಲಿನ ಕುಡುಗೋಲುಗಳನ್ನು ಎತ್ತಿಡುವ ಕೆಲಸಕ್ಕೆ ಮರಳಿದಳು. ಒಲೆ ಬೂದಿ ಹಾಕಿ ತಿಕ್ಕಿ, ಮೂರು ಸಲ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಹರಳೆಣ್ಣೆ ಬಳಿದು, ಹಳೇ ಸೀರೆ ಚೂರು ಸುತ್ತುತ್ತಿದ್ದಳು. ಗಂಗರಾಜು ನೋಡುತ್ತಲೇ ಇದ್ದ. ಜಿಡ್ಡು ತೆಗಿ, ತೊಳಿ, ಒಣಗಿಸು, ಎಣ್ಣೆ ಕುಡಿಸು. ಅವನ ಶೆಡ್ಡಿನ ಸಾಲು ಟ್ಯಾಂಕು ಪೂರ್ತಿ ಅವ್ವನ ಮುಂದಿನ ಎರಡು ಬೋಗುಣಿಯಲ್ಲಿತ್ತು.

ಒಂದು ಕುಡುಗೋಲು ಮಾತ್ರ ಬೇರೆ ಇಟ್ಟಿದ್ದಳು. ಅಲಗಿನ ಮೇಲೆ ಅಲ್ಲಲ್ಲಿ ತುಕ್ಕು ತಿಂದು ಹಳ್ಳ ಬಿದ್ದಿತ್ತು.

“ಇದಕ್ಕೇನಾಯ್ತವ್ವ?”

“ನಿಮ್ಮತ್ತಿಗೆ ಹೋದ್ ವರ್ಸ ಬೂದಿ ಸರ್ಯಾಗಿ ತೊಳೀದೆ ಹಂಗೇ ಎಣ್ಣೆ ಬಳ್ದು ಸಿಗ್ಸ್‌ಬುಟ್ಲು. ಬೂದಿ ಕುಂತಿದ್ದ ಜಾಗ್ದಲ್ಲೆಲ್ಲ ತಿಂದೈತೆ. ಮ್ಯಾಲ್ ಎಣ್ಣೆ ಇದ್ರೇನು ಬಂತು, ಕೆಳಗೆ ಬೂದಿ ಅಲ್ವ ಕುಂತಿರಾದು. ಒದ್ದೆ ಬೂದಿ ಒಣಗಿದ್ರೂ ಹಸಿ ಎಳ್ಕೋತದೆ.”

ಗಂಗರಾಜು ಕುಡುಗೋಲು ಕೈಗೆ ತೆಗೆದುಕೊಂಡ. ತುಕ್ಕಿನ ಗುರುತು ಒತ್ತಾಗಿ, ಉದ್ದಕ್ಕೆ, ಬೆರಳಲ್ಲಿ ಬಳಿದ ಹಾಗೇ ಇತ್ತು. ಬೂದಿ ಹಚ್ಚಿದ ಬೆರಳು. ಸೋಮವಾರದ ಪೂಜೆ ಕಣ್ಣ ಮುಂದೆ ಬಂದು ನಿಂತಿತು. ಅವನು ಕುಡುಗೋಲು ಕೆಳಗಿಟ್ಟ ರೀತಿ ನೋಡಿ ಕೊಲ್ಲಾಪುರಮ್ಮ, “ಹುಷಾರು, ಅದು ನಿನ್ನ ಮ್ಯಾನೇಜ್ರಲ್ಲ,” ಅಂದಳು.

ಸೋಮವಾರ ಬೆಳಗ್ಗೆ ಮೊದಲನೇ ಬಸ್ಸಿಗೆ ಬಂದು ಹಿತ್ತಲ ಬಾಗಿಲಲ್ಲಿ ಪೊರಕೆ ಹಿಡಿದು ನಿಂತ. ಐದು ವರ್ಷದಿಂದ ನೋಡುತ್ತಿದ್ದ ಪೂಜೆಯನ್ನೇ ಈಗ ಮೊದಲನೇ ಸಲ ನೋಡೋನ ಹಾಗೆ ನೋಡಿದ. ಗುಬ್ಬಿ ಲಾಟಿನ ಮೊದಲನೇ ಟ್ರೇ ಬಿಸಿನೀರಿಂದ ಎದ್ದು, ಗಾಳಿಗೆ ಒಣಗಿ, ಎಣ್ಣೆ ಟ್ಯಾಂಕಿನ ಪಕ್ಕ ಇಳಿಯಿತು. ಜಾಲರಿ ಟ್ರೇ, ಅದರ ಮೇಲೆ ಸಾಲಾಗಿ ಮಲಗಿದ ಪಿನ್ನುಗಳು. ಪ್ರಮೀಳಾ ಚೊಂಬಲ್ಲಿ ನೀರು, ತಟ್ಟೆಯಲ್ಲಿ ಹೂವು ತಂದಳು. ಗುರುಪ್ರಕಾಶ್ ಚಪ್ಪಲಿ ಬಿಟ್ಟು, ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತಿಕ್ಕಿ, ಮೂರು ಬೆರಳಲ್ಲಿ ಎಡದಿಂದ ಬಲಕ್ಕೆ ಪಿನ್ನುಗಳ ಮೇಲೆ ಎಳೆದರು. ನಡುವೆ ಕುಂಕುಮ. ಊದುಕಡ್ಡಿ ಬೆಳಗಿದರು. ಆಮೇಲೆ ಟ್ರೇ ಎಣ್ಣೆಗೆ ಇಳಿಯಿತು.

ಎಣ್ಣೆಗೆ ಮುಂಚೆಯೇ ಯಾಕೆ? ಯಾಕೆಂದರೆ ಎಣ್ಣೆ ಆದಮೇಲೆ ವಿಭೂತಿ ನಿಲ್ಲಲ್ಲ, ಜಾರುತ್ತೆ. ಫಾಸ್ಫೇಟಿನ ಒರಟು ಮೈ ಮೇಲೆ ಮಾತ್ರ ಕಪ್ಪಿನ ಮೇಲೆ ಬೆಳ್ಳಗೆ ಚೆಂದಾಗಿ ಕೂರುತ್ತೆ. ಈ ಪದ್ಧತಿ ಶುರುವಾಗಿದ್ದು ಯಾವಾಗ ಅಂತ ಲೆಕ್ಕ ಹಾಕಿದ. ಮೊದಲೆಲ್ಲ ಮರದ ಪೆಟ್ಟಿಗೆಗೆ ಹಚ್ಚುತ್ತಿದ್ದರು. ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಕ್ರೇಟು ಬಂದಿದ್ದು ಹೋದ ತಿಂಗಳು. ಪ್ಲಾಸ್ಟಿಕ್ಕಿಗೆ ಎಂಥ ಪೂಜೆ ಅಂತ ಗುರುಪ್ರಕಾಶ್ ಮಾಲಿಗೇ ಹಚ್ಚೋಕೆ ಶುರು ಮಾಡಿದ್ದರು. ಆಗಿನಿಂದ ವಾಪಸ್ ಬಂದ ಲಾಟು ಮೂರು. ಮೂವತ್ತಾರು ಪಿನ್ನು. ವಾರಕ್ಕೆ ಹನ್ನೆರಡು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಿತ್ತಲಲ್ಲಿ ಗೋಣಿ ಹಾಸಿ ವಾಪಸ್ ಬಂದ ಪಿನ್ನು ಸುರಿದುಕೊಂಡ. ಒಂದೊಂದನ್ನೇ ತಿರುಗಿಸಿ ಮಚ್ಚೆ ಮೇಲೆ ಬರೋ ಹಾಗೆ ಇಟ್ಟ. ಮಚ್ಚೆ ಕೆಲವಕ್ಕೆ ಅಗಲ, ಕೆಲವಕ್ಕೆ ಸಣ್ಣ. ಅಗಲದ್ದು ಎಡಕ್ಕೆ, ಸಣ್ಣದ್ದು ಬಲಕ್ಕೆ ಜೋಡಿಸುತ್ತಾ ಹೋದ. ಹನ್ನೆರಡು ಕೂಡಿಸಿ ಎದ್ದು ನಿಂತು, ಮೇಲಿಂದ ನೋಡಿದ.

ಶಾಬಾಜ್ ಬೀಡಿ ಸೇದೋಕೆ ಹಿಂದೆ ಬಂದವನು ಗೋಣಿ ಮೇಲೆ ನೋಡಿದ. ನೋಡಿ, ಬೀಡಿ ಹಚ್ಚದೇ ಜೇಬಿಗೆ ಹಾಕಿಕೊಂಡ.

“ಯಾ ಅಲ್ಲಾ,” ಅಂದ ಮೆಲ್ಲಗೆ. “ಇದನ್ನ ಯಾರ್ಗೂ ತೋರಿಸ್ಬೇಡ್ವೋ.”

“ಯಾಕೆ?”

“ದೇವ್ರ ವಿಷಯ ಕಣೋ. ನೀನು ತುಕ್ಕು ಅಂದ್ರೆ ಅವ್ರು ಪೂಜೆ ಅಂತಾರೆ. ನೀನು ಪಿನ್ನು ಅಂದ್ರೆ ಅವ್ರು ಧರ್ಮ ಅಂತಾರೆ. ನಾನಂತೂ ಬಾಯಿ ಬಿಡಲ್ಲಪ್ಪ. ನನ್ನ ಹೆಸರು ನೋಡು, ಆಮೇಲೆ ಮಾತಾಡು.”

“ನಿನ್ನ ಬಾಯಿ ಯಾರು ಕೇಳಿದ್ರು?” ಅಂದ ಗಂಗರಾಜು. “ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸ್ತಂತೆ. ಮೇಕೆ ಸುಮ್ನಿತ್ತು, ಅದಕ್ಕೇ ಒದೆ ತಿಂತು. ನಾನು ಸುಮ್ನಿರಲ್ಲ.”

ಅಂದನೇ ಹೊರತು ಎರಡು ದಿನ ಹೇಗೆ ಹೇಳೋದು ಅಂತ ತಿಳಿಯಲಿಲ್ಲ. ಆಫೀಸಿಗೆ ಹೋಗಿ ಹೇಳಿದರೆ ಬಾಗಿಲೊಳಗೇ ಮುಗಿದುಹೋಗುತ್ತೆ. ಕಾಗದ ಎಲ್ಲರೆದುರು ಅಂಟಿತ್ತು. ಕಿತ್ತರೂ ಎಲ್ಲರೆದುರೇ ಕೀಳಬೇಕು.

ಬುಧವಾರ ಗುಬ್ಬಿ ಕಂಪನಿಯಿಂದ ಇನ್ಸ್‌ಪೆಕ್ಷನ್‌ಗೆ ಸುಶ್ಮಿತಾ ಅನ್ನೋ ಹುಡುಗಿ ಬಂದಳು. ಡಿಪ್ಲೊಮಾ ಮಾಡಿದವಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಕತ್ತಿನಲ್ಲಿ ಐಡಿ ಕಾರ್ಡು. ಅವಳ ವರದಿ ಮೇಲೆ ಪಿನ್ನಿನ ಆರ್ಡರು ಉಳಿಯಬೇಕಿತ್ತು. ಗುರುಪ್ರಕಾಶ್ ಅವಳನ್ನು ಮೊದಲು ಕರೆದುಕೊಂಡು ಹೋಗಿದ್ದೇ ಆ ಗೋಡೆಯ ಹತ್ತಿರ.

“ನೋಡಿ ಮೇಡಂ, ಆಕ್ಷನ್ ತಗೊಂಡಿದೀವಿ. ಹುಡುಗನ್ನ ಲೈನಿಂದ ತೆಗೆದುಬಿಟ್ಟಿದೀವಿ.”

ಸುಶ್ಮಿತಾ ಮೊಬೈಲ್ ತೆಗೆದು ಕಾಗದದ ಫೋಟೊ ಹೊಡೆದಳು. ವರದಿಗೆ.

ಗಂಗರಾಜು ಹಿತ್ತಲ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಅವನ ಹೆಸರು ಗೋಡೆಯಿಂದ ಮೊಬೈಲಿಗೆ, ಮೊಬೈಲಿಂದ ಗುಬ್ಬಿಗೆ, ಅಲ್ಲಿಂದ ಇನ್ನೆಲ್ಲಿಗೋ. ತುಮಕೂರಿನ ಯಾವ ಶೆಡ್ಡಿಗೆ ಕೆಲಸ ಕೇಳಿಕೊಂಡು ಹೋದರೂ ಅದು ಅವನಿಗಿಂತ ಮುಂಚೆ ಹೋಗಿ ಕೂತಿರುತ್ತೆ. ಇನ್ನು ಯೋಚಿಸೋದು ಉಳಿದಿರಲಿಲ್ಲ. ಗೋಣಿ ಸಮೇತ ಪಿನ್ನು ಎತ್ತಿಕೊಂಡು ಒಳಗೆ ಬಂದ.

“ಏಯ್, ನೀನ್ಯಾಕೆ ಒಳಗೆ?” ಅಂದರು ಗುರುಪ್ರಕಾಶ್.

“ಇದು ರಿಜೆಕ್ಟ್ ಮಾಲು ಸಾರ್. ಇದನ್ನ ಮುಟ್ಟಬಹುದು ನಾನು.”

ಇನ್ಸ್‌ಪೆಕ್ಷನ್ ಟೇಬಲ್ಲಿನ ಟ್ಯೂಬ್‌ಲೈಟ್ ಕೆಳಗೆ ಪಿನ್ನುಗಳನ್ನು ಇಡತೊಡಗಿದ. ಒಂದರ ಪಕ್ಕ ಒಂದು, ಎಡದಿಂದ ಬಲಕ್ಕೆ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಣ್ ಟಣ್ ಅನ್ನುತ್ತಿತ್ತು. ನಾಲ್ಕು ಇಟ್ಟಾಗ ಏನೂ ಅನಿಸಲಿಲ್ಲ. ಏಳನೆಯದಕ್ಕೆ ಸುಶ್ಮಿತಾ ಬಗ್ಗಿ ನೋಡಿದಳು. ಪ್ಯಾಕಿಂಗ್ ಬಿಟ್ಟು ಪ್ರಮೀಳಾ ಬಂದಳು. ಎಣ್ಣೆ ಟ್ಯಾಂಕಿನ ಹತ್ತಿರವಿದ್ದ ಶಾಬಾಜ್ ಬಿಟ್ಟು ಇನ್ನುಳಿದವರೂ ಸುತ್ತ ನೆರೆದರು. ಹನ್ನೆರಡನೇ ಪಿನ್ನು ಇಟ್ಟು ಗಂಗರಾಜು ಹಿಂದೆ ಸರಿದು ನಿಂತ.

ಹನ್ನೆರಡು ಪಿನ್ನಿನ ಮೇಲೆ ಮಚ್ಚೆಗೆ ಮಚ್ಚೆ ಕೂಡಿ ಮೂರು ಗೆರೆ. ಒಂದರ ಕೆಳಗೊಂದು, ಎಡಕ್ಕೆ ದಪ್ಪ, ಬಲಕ್ಕೆ ಹೋಗ್ತಾ ಹೋಗ್ತಾ ಸಣ್ಣ. ನಡುವೆ ಒಂದು ದುಂಡು ಬೊಟ್ಟು. ಎಲ್ಲ ತುಕ್ಕಿನಲ್ಲಿ.

ಗಂಗರಾಜು ದೇವರ ಹೆಸರು ಎತ್ತಲಿಲ್ಲ. ಎತ್ತೋ ಅಗತ್ಯ ಬೀಳಲಿಲ್ಲ. ಸುಶ್ಮಿತಾ ಟೇಬಲ್ಲಿಂದ ತಲೆಯೆತ್ತಿ ಗುರುಪ್ರಕಾಶರ ಹಣೆ ನೋಡಿದಳು. ಪ್ರಮೀಳಾ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಗುರುಪ್ರಕಾಶರ ಕೈ ತಾನಾಗಿ ಹಣೆಗೆ ಹೋಗಿ, ಮುಟ್ಟದೆ, ಕೆಳಗಿಳಿಯಿತು.

“ಎಣ್ಣೆಗೆ ಮುಂಚೆ ಟ್ರೇ ಮೇಲೆ ಏನಾದ್ರೂ ಹಚ್ತೀರಾ ಸಾರ್?” ಅಂತ ಕೇಳಿದಳು ಸುಶ್ಮಿತಾ.

“ಅದು... ಸೋಮವಾರದ ಪೂಜೆ ಮೇಡಂ. ಒಳ್ಳೇದಾಗ್ಲಿ ಅಂತ.”

“ಯಾವ ನೀರಲ್ಲಿ?”

ಪ್ರಮೀಳಾ ಸೆರಗಿಗೆ ಕೈ ಒರೆಸಿಕೊಂಡಳು. “ಬೋರ್ ನೀರು ಮೇಡಂ. ನಾನೇ ತಂದ್ಕೊಡೋದು. ಆ ನೀರಲ್ಲಿ ಬೇಳೆನೂ ಬೇಯಲ್ಲ, ಅಷ್ಟು ಉಪ್ಪು.” ಅಂದು ಗಂಗರಾಜು ಕಡೆ ನೋಡಿದಳು. ನೋಡಲಾರದೆ ಪಿನ್ನು ನೋಡಿದಳು.

“ನಮ್ಮನೇಲೂ ದಿನಾ ಹಚ್ಕೋತೀವಿ ಸಾರ್,” ಅಂದಳು ಸುಶ್ಮಿತಾ, ಮೆಲ್ಲಗೆ. “ಹಣೆಗೆ ಹಚ್ಚಿ, ಕ್ರೇಟಿಗೆ ಹಚ್ಚಿ. ಫಾಸ್ಫೇಟಿನ ಮೇಲೆ ಬೇಡ. ಅದು ಎಲ್ಲಾನೂ ಕುಡಿದುಬಿಡುತ್ತೆ.”

“ಆದ್ರೂ ಮೇಡಂ,” ಅಂದರು ಗುರುಪ್ರಕಾಶ್. ದನಿ ತುಸು ಗಟ್ಟಿಯಾಯಿತು. “ಇವನ ಬಿಲ್ಲೆ ತುಕ್ಕು ಹಿಡಿದಿದ್ದು ಸುಳ್ಳಲ್ಲವಲ್ಲ. ಇಷ್ಟೂ ಜನ ನೋಡಿದಾರೆ.”

“ಸುಳ್ಳು ಅಂತ ನಾನೂ ಅಂದಿಲ್ಲ,” ಅಂದ ಗಂಗರಾಜು. “ನನ್ನ ಬೆವರಲ್ಲಿ ಉಪ್ಪೈತೆ. ಅದಕ್ಕೇ ಗ್ಲೌಸ್ ಕೇಳಿದ್ದು. ನೀವು ಗ್ಲೌಸ್ ಕೊಡ್ಲಿಲ್ಲ, ಬಿಲ್ಲೆ ಕೊಟ್ರಿ. ಹನ್ನೊಂದು ಕೊಟ್ರಿ. ಹನ್ನೆರಡನೇದು ಎಲ್ಲಿ ಸಾರ್?”

ಗುರುಪ್ರಕಾಶ್ ಒಂದು ಪಿನ್ನು ಎತ್ತಿಕೊಂಡು, ಆ ಕಂದು ಮಚ್ಚೆಯನ್ನು ಹೆಬ್ಬೆರಳಲ್ಲಿ ಒರೆಸಿದರು. ಹೋಗಲಿಲ್ಲ.

“ಆಯ್ತು ಬಿಡು,” ಅಂದರು ಕೊನೆಗೆ. “ಆಗಿದ್ದಾಯ್ತು. ನಾಳೆಯಿಂದ ಲೈನಿಗೆ ಬಾ. ಪ್ರಮೀಳಾ, ಆ ಪೇಪರ್ ಕಿತ್ತಾಕಮ್ಮ.”

ಪ್ರಮೀಳಾ ಹೆಜ್ಜೆ ತೆಗೆದಳು.

“ನೀನು ಬ್ಯಾಡಕ್ಕ,” ಅಂದ ಗಂಗರಾಜು. “ನೀನು ಅಂಟಿಸಿರ್ಲಿಲ್ಲ.”

ಆಗಲೇ ಸಾಲಿನ ಕೊನೆಯಲ್ಲಿ ಒಂದು ಟ್ರೇ ಬಿಸಿನೀರಿಂದ ಎದ್ದು, ಒಣಗಿ, ಎಣ್ಣೆ ಟ್ಯಾಂಕಿನ ಮೇಲೆ ಸರಪಳಿಗೆ ನೇತಾಡುತ್ತಿತ್ತು. ಸರಪಳಿ ಇಳಿಸೋ ಬಟನ್ನು ಶಾಬಾಜ್ ಕೈಯಲ್ಲಿತ್ತು. ಗುರುಪ್ರಕಾಶ್ ಅದನ್ನು ಕಂಡರು. “ಶಾಬಾಜ್, ಟೈಮಾಗುತ್ತೆ, ಇಳಿಸು.”

ಶಾಬಾಜ್ ಬಾಯಿ ಬಿಡಲ್ಲ ಅಂದಿದ್ದ, ಬಿಡಲೂ ಇಲ್ಲ. ಬಟನ್ನಿನ ಮೇಲಿದ್ದ ಹೆಬ್ಬೆರಳು ತೆಗೆದ. ತೆಗೆದು ಕೈ ಕಟ್ಟಿಕೊಂಡು ಟ್ರೇ ಕಡೆ ನೋಡುತ್ತಾ ನಿಂತ, ಮಳೆ ಬರುತ್ತಾ ಅಂತ ಆಕಾಶ ನೋಡೋನ ಹಾಗೆ.

ಗಂಗರಾಜು ಗಡಿಯಾರ ನೋಡಿದ. ನೂರಿಪ್ಪತ್ತು ಪಿನ್ನು ಬಾಯಿ ತೆರೆದುಕೊಂಡು ನೇತಾಡುತ್ತಿದ್ದವು. ಐದು ವರ್ಷದಲ್ಲಿ ಒಂದು ಟ್ರೇಯನ್ನೂ ಹೀಗೆ ಕಾಯಿಸಿದವನಲ್ಲ ಅವನು. ಓಡಿಹೋಗಿ ತಾನೇ ಬಟನ್ ಒತ್ತಿಬಿಡೋಣ ಅನಿಸಿತು. ಗೋಡೆ ಕಡೆ ನೋಡಿದ. ‘ಮಾಲು ಮುಟ್ಟಬಾರದು.’ ಕಾಲು ಕೀಳಲಿಲ್ಲ.

“ಮೇಡಂ ಮುಂದೆ ಇದೆಲ್ಲ ಯಾಕಪ್ಪ,” ಅಂದರು ಗುರುಪ್ರಕಾಶ್.

“ಮೇಡಂ ಮುಂದೆನೇ ತೋರಿಸಿದ್ರಲ್ಲ ಸಾರ್. ಫೋಟೊ ಹೊಡೆಸಿದ್ರಿ.”

ಸುಶ್ಮಿತಾ ಮೊಬೈಲ್ ತೆಗೆದಳು, ಫೋಟೊ ಅಳಿಸಿದಳು. ಅಳಿಸಿದ್ದನ್ನು ಗಂಗರಾಜು ಕಡೆ ತಿರುಗಿಸಿ ತೋರಿಸಿದಳು. ಆಮೇಲೆ ಟೇಬಲ್ಲಿನ ಮೇಲಿದ್ದ ಹನ್ನೆರಡು ಪಿನ್ನಿನ ಫೋಟೊ ಹೊಡೆದುಕೊಂಡಳು.

ಗುರುಪ್ರಕಾಶ್ ನಡೆದರು. ಕಾಗದದ ಮೂಲೆಗೆ ಉಗುರು ಹಾಕಿ ಎಳೆದರು. ಅದು ಹಾಳೆಯ ಹಾಗೆ ಬರಲಿಲ್ಲ. ಅಷ್ಟು ಫೆವಿಕಾಲ್ ಬಳಿದು ಅಂಗೈಯಲ್ಲಿ ಒತ್ತಿದ್ದಲ್ಲವೇ? ಚೂರು ಚೂರಾಗಿ, ಸುಣ್ಣ ಬಣ್ಣ ಕಿತ್ತುಕೊಂಡು ಬಂತು. ‘ಆಡಳಿತ’ ಬಂತು. ‘ಗಂಗರಾಜು’ ಅರ್ಧ ಬಂತು, ಇನ್ನರ್ಧ ಬಂತು. ‘ಮುಟ್ಟಬಾರದು’ ಮಾತ್ರ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಉಗುರಲ್ಲಿ ಕೆರೆದರು. ಬೀಗದ ಕೈ ತೆಗೆದು ಕೆರೆದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು, ಹಣೆಯ ಬೆವರು ವಿಭೂತಿಯೊಳಗೆ ಇಳಿದು ಮೂರು ಗೆರೆಯೂ ಕಲಸಿಹೋಗಿತ್ತು. ಅವರನ್ನು ಹಾಗೆ ನೋಡಿದರೆ ಕನಿಕರ ಬರಬೇಕಿತ್ತೇನೋ. ಗಂಗರಾಜುಗೆ ಬರಲಿಲ್ಲ. ಅವನು ಅಕ್ಷರ ನೋಡುತ್ತಿದ್ದ. ‘ದು’ ಹೋಯಿತು. ‘ರ’ ಹೋಯಿತು. ‘ಮು’ ಕೊನೆಗೆ ಹೋಯಿತು.

ಎಂಟು ನಿಮಿಷ.

ಗಂಗರಾಜು ಸಾಲಿನ ಕೊನೆಗೆ ಓಡಿದ. ಶಾಬಾಜ್ ಬಟನ್ನು ಅವನ ಕೈಗಿಟ್ಟು ಪಕ್ಕಕ್ಕೆ ಸರಿದ. ಟ್ರೇ ಎಣ್ಣೆಗೆ ಇಳಿಯಿತು. ಒರಟು ಮೈಯೊಳಗಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಮೇಲೆ ಬಂತು. ಗುಳ್ಳೆ ನಿಲ್ಲೋವರೆಗೂ ಅವನು ಬಗ್ಗಿ ನೋಡುತ್ತಿದ್ದ. ಎತ್ತಿದಾಗ ನೂರಿಪ್ಪತ್ತೂ ಕಪ್ಪಗೆ, ತಣ್ಣಗೆ ಮಿರುಗುತ್ತಿದ್ದವು.

“ತಪ್ಪಾಯ್ತು ಅಂತ ಒಂದು ಮಾತು ಬಂತೇನ್ಲಾ ಅವ್ರ ಬಾಯಲ್ಲಿ?” ಅಂತ ಕೇಳಿದ ಶಾಬಾಜ್ ಸಂಜೆ.

“ಇಲ್ಲ.”

“ಮತ್ತೆ?”

“ಉಗುರಲ್ಲಿ ಕೆರೆದ್ರಲ್ಲ.”

ವಾರದೊಳಗೆ ಹನ್ನೊಂದು ಜೊತೆ ಗ್ಲೌಸ್ ಬಂತು. ಪ್ರಮೀಳಾ ಚಟ್ನಿಪುಡಿ ಡಬ್ಬವನ್ನು ಮೊದಲು ಗಂಗರಾಜು ಮುಂದೆ ಇಡತೊಡಗಿದಳು. ಅವನು ಎರಡು ದಿನ ಮುಟ್ಟಲಿಲ್ಲ, ಮೂರನೇ ದಿನ ಎರಡು ಚಮಚ ಹಾಕಿಕೊಂಡ. ಸೋಮವಾರದ ವಿಭೂತಿ ಪ್ಲಾಸ್ಟಿಕ್ ಕ್ರೇಟಿಗೆ ಹೋಯಿತು.

ಗೋಡೆಯಲ್ಲಿ ಮಾತ್ರ ಬಣ್ಣ ಕಿತ್ತುಹೋದ ಒಂದು ಚೌಕ ಉಳಿಯಿತು, ಬೀಡಿ ಬೋರ್ಡಿಗೂ ಬರಿಗಾಲಿನ ಬೋರ್ಡಿಗೂ ನಡುವೆ. ಅದನ್ನು ನೋಡಿದಾಗಲೆಲ್ಲ ಗುರುಪ್ರಕಾಶ್ ಕಣ್ಣು ತಪ್ಪಿಸೋರು. ಒಂದು ದಿನ ಅರ್ಧ ಲೀಟರ್ ಪೇಂಟು, ಬ್ರಶ್ಶು ತಂದು ಟೇಬಲ್ಲಿನ ಮೇಲಿಟ್ಟು, “ಯಾರಾದ್ರೂ ಇದನ್ನ ಮುಚ್ಚಿಬಿಡ್ರಪ್ಪ,” ಅಂದರು.

“ಬ್ಯಾಡ ಸಾರ್,” ಅಂದ ಗಂಗರಾಜು, ಟ್ರೇಗೆ ಪಿನ್ನು ಜೋಡಿಸುತ್ತಲೇ. “ಅದು ಹಂಗೇ ಇರ್ಲಿ.”

ಪೇಂಟಿನ ಡಬ್ಬದ ಮುಚ್ಚಳ ತೆಗೆಯೋಕೆ ಯಾರೂ ಬರಲಿಲ್ಲ. ಆ ಚೌಕ ಈಗಲೂ ಹಂಗೇ ಇದೆ.